ಹೂದೋಟದ ಕಳ್ಳ ಯಾರು?

ಪೇಟೆಯಿಂದ ಮೊಳ ಹಾಕಿಸಿ ತಂದ ಹೂವಿಗಿಂತ ಮನೆಯಂಗಳದಲ್ಲಿ ಅರಳಿದ ನಾಲ್ಕು ದಾಸವಾಳಕ್ಕೆ ಹೆಚ್ಚು ಮರ್ಯಾದೆ. ಆದರೆ ಬೆಳಗ್ಗೆ ಬುಟ್ಟಿ ಹಿಡಿದು ಹೋದಾಗ ಎಸಳಿನ ಅಂಚೆಲ್ಲ ಹರಿದು ಚಿಂದಿಯಾಗಿದ್ದರೆ? ಹುಳು ಮುಟ್ಟಿದ ಹೂವು ಪೂಜೆಗೆ ಸಲ್ಲದು, ಮುಡಿಗೂ ಒಪ್ಪದು. ಮೊದಲ ಅನುಮಾನ ನಸುಕಿನಲ್ಲಿ ಕಾಂಪೌಂಡಿನಾಚೆಯಿಂದ ಕೈಚಾಚುವ ಹೂಗಳ್ಳರ ಮೇಲೆ. ಎರಡನೆಯದು ಅಳಿಲಿನ ಮೇಲೆ. ಮೂರನೆಯ ದಿನ ಮನೆಯ ಯಜಮಾನರು ಅಂಗಡಿಯಿಂದ ಯಾವುದೋ ಔಷಧಿ ತಂದು ಸಿಂಪಡಿಸಿಬಿಡುತ್ತಾರೆ. ತಪ್ಪಾಗುವುದು ಇಲ್ಲಿಯೇ. ಕಳ್ಳನನ್ನು ಗುರುತಿಸುವ ಮೊದಲೇ ಶಿಕ್ಷೆ ಜಾರಿಯಾಗಿರುತ್ತದೆ.

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಹೆಸರಘಟ್ಟದ ಕಡೆ ತಿರುಗಿದರೆ ಸಿಗುವ ಬಾಗಲಗುಂಟೆಯಂಥ ಬಡಾವಣೆಗಳಲ್ಲಿ ಈ ಸಮಸ್ಯೆಗೆ ತಕ್ಕ ನೆಲೆಯೇ ಇದೆ. 2007ರಲ್ಲಿ ದಾಸರಹಳ್ಳಿ ನಗರಸಭೆಯೊಂದಿಗೆ ಮಹಾನಗರ ಪಾಲಿಕೆಗೆ ಸೇರಿದ ಪ್ರದೇಶವಿದು. ಮನೆಗಳ ನಡುನಡುವೆ ಖಾಲಿ ನಿವೇಶನ, ಅದರಲ್ಲಿ ಕಳೆ, ಕಟ್ಟಡದ ಕಲ್ಲುರಾಶಿ, ಮಳೆ ಬಂದರೆ ನಿಲ್ಲುವ ನೀರು. ಹಗಲು ಅಡಗಲು, ರಾತ್ರಿ ಮೇಯಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು?

<b>ಗುರುತು ಬಿಟ್ಟು ಹೋದವರು</b>

ಹೂ ತಿನ್ನುವ ಪ್ರತಿಯೊಂದು ಜೀವಿಯೂ ತನ್ನ ರುಜು ಹಾಕಿಯೇ ಹೋಗುತ್ತದೆ. ಓದಲು ಬರಬೇಕಷ್ಟೆ.

ಹಾಡುಹಗಲೇ ದಾಸವಾಳದ ಮೇಲೆ ಕುಳಿತು ಎಸಳು ಮೇಯುವ, ಕಪ್ಪು ಮೈಮೇಲೆ ಕಿತ್ತಳೆ ಪಟ್ಟೆಗಳುಳ್ಳ ದುಂಬಿ ಕಂಡರೆ ಅದು ಮೈಲಾಬ್ರಿಸ್. ಅವರೆ, ಅಲಸಂದೆ, ಕುಂಬಳದ ಹೂಗಳೂ ಅದಕ್ಕೆ ಪ್ರಿಯ. ಬರಿಗೈಯಲ್ಲಿ ಹಿಡಿಯಬಾರದು. ಅದು ಒಸರುವ ಕ್ಯಾಂಥರಿಡಿನ್ ಎಂಬ ರಸ ತಗುಲಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಕೈಗವಸು ಹಾಕಿ ಸೋಪಿನ ನೀರಿಗೆ ಉದುರಿಸಿದರೆ ಸಾಕು. ಹಾಗೆಂದು ಇದನ್ನು ಪೂರಾ ದುಷ್ಟನೆನ್ನುವಂತೆಯೂ ಇಲ್ಲ. ಇದರ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ.

ಮಲ್ಲಿಗೆಯ ಮೊಗ್ಗುಗಳಲ್ಲಿ ತೂತು, ಎರಡು ಮೂರು ಮೊಗ್ಗು ಸೇರಿಸಿ ನೂಲಿನಿಂದ ಹೆಣೆದಂತಿದ್ದರೆ ಅದು ಮೊಗ್ಗು ಕೊರೆಯುವ ಹುಳು. ಮೊಗ್ಗು ಅರಳದೆ ನೇರಳೆ ಬಣ್ಣಕ್ಕೆ ತಿರುಗಿ ಬುಡದಲ್ಲಿ ಊದಿಕೊಂಡರೆ ಮೊಗ್ಗು ನೊಣದ ಕೆಲಸ. ಇದು ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುವುದರಿಂದ ಗಿಡದ ಬುಡ ಕೆದಕಿ ಬಿಸಿಲಿಗೊಡ್ಡುವುದೂ ಒಂದು ಚಿಕಿತ್ಸೆಯೇ. ಹಾಳಾದ ಮೊಗ್ಗುಗಳನ್ನು ಗಿಡದಡಿಯಲ್ಲೇ ಉದುರಲು ಬಿಡದೆ ಆರಿಸಿ ನಾಶಮಾಡಬೇಕು.

ಗುಲಾಬಿಯ ಎಸಳಿನ ಅಂಚು ಸುಟ್ಟಂತೆ ಕಂದಾಗಿದ್ದರೆ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಸಣ್ಣದಾದ ಥ್ರಿಪ್ಸ್ ರಸ ಹೀರಿದೆಯೆಂದು ಅರ್ಥ. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿದರೆ ಸಿಕ್ಕಿಬೀಳುತ್ತವೆ. ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಅರೆವೃತ್ತಗಳಿದ್ದರೆ ಮಾತ್ರ ಕೋಪ ಬೇಡ. ಅದು ಎಲೆ ಕತ್ತರಿಸುವ ಜೇನು. ತಿನ್ನಲು ಅಲ್ಲ, ಗೂಡು ಕಟ್ಟಲು ಒಯ್ದದ್ದು. ಪರಾಗಸ್ಪರ್ಶಕ್ಕೆ ಬೇಕಾದ ಜೀವಿ.

<b>ರಾತ್ರಿ ಒಂಬತ್ತರ ಪಹರೆ</b>

ಹಗಲೆಲ್ಲ ಹುಡುಕಿದರೂ ಯಾರೂ ಸಿಗದೆ, ಎಸಳು ಒರಟೊರಟಾಗಿ ಹರಿದು, ಎಲೆ, ಕಾಂಡ ಅಥವಾ ಗೋಡೆಯ ಮೇಲೆ ಒಣಗಿದ ಬೆಳ್ಳಿಯ ಗೆರೆ ಹೊಳೆಯುತ್ತಿದ್ದರೆ ಟಾರ್ಚು ಹಿಡಿದು ರಾತ್ರಿ ಒಂಬತ್ತರ ಮೇಲೆ ಹೊರಡಬೇಕು. ಮಳೆ ನಿಂತ ರಾತ್ರಿಯಾದರೆ ಇನ್ನೂ ಒಳ್ಳೆಯದು. ಚೆಂಡುಹೂವಿನ ನೆತ್ತಿಯ ಮೇಲೆ, ಬೆರಳುದ್ದದ ಕಂದು ಶಂಖವನ್ನು ಬೆನ್ನಿಗೇರಿಸಿಕೊಂಡು ನಿಧಾನವಾಗಿ ಊಟಮಾಡುತ್ತಿರುವ ಅತಿಥಿ ಸಿಗುತ್ತದೆ: ಆಫ್ರಿಕಾದ ದೈತ್ಯ ಬಸವನಹುಳು.

ಇದರ ಮೂಲ ಪೂರ್ವ ಆಫ್ರಿಕಾ. ಭಾರತಕ್ಕೆ ಬಂದದ್ದು ಹಡಗಿನ ಮೂಲಕ, ಅದೂ ವಿದ್ವಾಂಸರೊಬ್ಬರ ಕೈಯಿಂದ. ಶಂಖಜೀವಿಗಳ ಅಧ್ಯಯನದಲ್ಲಿ ಹೆಸರಾದ ವಿಲಿಯಂ ಬೆನ್ಸನ್ 1847ರಲ್ಲಿ ಇದನ್ನು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದರು. ತೋಟವೊಂದರಲ್ಲಿ ಬಿಟ್ಟ ಜೀವಿ ದೇಶವನ್ನೇ ಸುತ್ತಿತು. ಇಂದು ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ.

ಒಂದೇ ಹುಳುವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಒಂದು ಸಲಕ್ಕೆ ನೂರಕ್ಕೂ ಮೀರಿ ಮೊಟ್ಟೆ ಇಡಬಲ್ಲದು. ಚಿಪ್ಪಿಗೆ ಸುಣ್ಣದಂಶ ಬೇಕಾದ್ದರಿಂದ ಗಾರೆಯ ಗೋಡೆಯನ್ನೂ ಉಜ್ಜಿ ತಿನ್ನುತ್ತದೆ. ಹೊಸ ಮನೆಯ ಕಾಂಪೌಂಡಿನ ಮೇಲೆ ಇದು ಸಾಲುಗಟ್ಟಿ ಕೂರುವುದೂ ಇದಕ್ಕೇ. ಬೇಸಿಗೆ ಬಂದರೆ ಮಣ್ಣಿನಡಿ ಸೇರಿ ಚಿಪ್ಪಿನ ಬಾಯಿ ಮುಚ್ಚಿ ತಿಂಗಳುಗಟ್ಟಲೆ ನಿದ್ದೆ. ‘ಹೋಯಿತು ಪೀಡೆ’ ಎಂದುಕೊಳ್ಳುವಾಗ ಮುಂಗಾರು ಮತ್ತೆ ಎಬ್ಬಿಸುತ್ತದೆ.

ಮಕ್ಕಳು ಇದನ್ನು ಆಟಕ್ಕೆ ಹಿಡಿಯದಂತೆ ನೋಡಿಕೊಳ್ಳಬೇಕು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಪರೋಪಜೀವಿಯ ಮರಿಗಳು ಇದರ ದೇಹದಲ್ಲಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ತರಬಲ್ಲವು. ಅಂಗಳದ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿನ್ನುವುದೂ ಸಲ್ಲದು.

<b>ವಿಷಕ್ಕಿಂತ ಗೋಣಿಚೀಲ</b>

ಬಸವನಹುಳುವಿಗೆಂದು ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಗಳಿಗೆ ನಾಯಿಗಳೂ ಬಾಯಿ ಹಾಕುತ್ತವೆ, ಪ್ರಾಣಕ್ಕೇ ಕುತ್ತು. ಗಿಡದ ಬುಡಕ್ಕೆ ಉಪ್ಪು ಸುರಿದರೆ ಹುಳುವಿನ ಜೊತೆ ಗಿಡವೂ ಹೋದೀತು. ಇವಕ್ಕಿಂತ ಅಗ್ಗದ ಉಪಾಯವೆಂದರೆ ಹಳೆಯ ಗೋಣಿಚೀಲ. ಅದನ್ನು ನೆನೆಸಿ, ಅಡಿಯಲ್ಲಿ ಪಪ್ಪಾಯಿ ಎಲೆ ಅಥವಾ ಕೋಸಿನ ಸಿಪ್ಪೆ ಹರಡಿ ಸಂಜೆ ಇಡಬೇಕು. ಬೆಳಗ್ಗೆ ಎತ್ತಿ ನೋಡಿದರೆ ಅಡಗಲು ಬಂದ ಹುಳುಗಳು ಗುಂಪಾಗಿ ಸಿಗುತ್ತವೆ. ಕೈಗವಸು ತೊಟ್ಟು ಆರಿಸಿ, ಬಕೆಟ್ಟಿನ ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ, ಆಮೇಲೆ ಗಿಡಗಳಿಂದ ದೂರ ಹೂಳಬೇಕು. ಮುತ್ತಿನಂಥ ಮೊಟ್ಟೆಗಳ ಗುಂಪು ಮಣ್ಣಿನಲ್ಲಿ ಸಿಕ್ಕರೆ ಅದನ್ನೂ ಬಿಡಬಾರದು.

ಪೀಡೆಯನ್ನು ಸರಿಯಾಗಿ ಗುರುತಿಸಿದರೆ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆಯಿದೆ. ದಾಸವಾಳಕ್ಕೂ ಅಂಟುವ ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾಗಿ ದಕ್ಷಿಣ ಭಾರತಕ್ಕೆ ಹರಡಿತು. ಅದರ ಸಹಜ ಶತ್ರುಗಳಾದ ಪುಟ್ಟ ಕಣಜಗಳನ್ನು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬೆಳೆಸಿ ಹಂಚಿದ್ದು ಹೆಬ್ಬಾಳದ ಕೀಟ ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ವಿಷಕ್ಕೆ ಬಗ್ಗದ ತಿಗಣೆ ಕಣಜಕ್ಕೆ ಬಗ್ಗಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳು ರಸ ಹೀರುವ ಕೀಟಗಳಿಗೆ ಮನೆಯಲ್ಲೇ ಬಳಸಬಹುದಾದ ಮದ್ದು. ಜೇನು ಹಾರಾಡದ ಇಳಿಹೊತ್ತಿನಲ್ಲಿ ಸಿಂಪಡಿಸುವುದು ಒಳ್ಳೆಯದು.

ಆದರೆ ಬಸವನಹುಳುವಿಗೆ ಕಾಂಪೌಂಡು ಗೋಡೆ ಲೆಕ್ಕಕ್ಕಿಲ್ಲ. ಒಂದು ಮನೆಯವರು ಆರಿಸಿ, ಪಕ್ಕದ ಖಾಲಿ ನಿವೇಶನದ ಕಳೆ ಹಾಗೇ ಉಳಿದರೆ ವಾರದಲ್ಲಿ ಮತ್ತೆ ಅದೇ ಕಥೆ. ಮುಂಗಾರಿನ ಮೊದಲ ಮಳೆಗಳಲ್ಲೇ, ಹುಳುಗಳು ಮೊಟ್ಟೆಯಿಡುವ ಮೊದಲು, ಬೀದಿಯವರೆಲ್ಲ ಸೇರಿ ನಾಲ್ಕು ಸಂಜೆ ಟಾರ್ಚು ಹಿಡಿದರೆ ಆ ವರ್ಷದ ಹೂವು ಉಳಿಯುತ್ತದೆ. ಹೂಗಳ್ಳರೆಂದು ಅನುಮಾನಿಸಿದ್ದ ನೆರೆಯವರ ಪರಿಚಯವೂ ಆಗುತ್ತದೆ.