ಥಿಸಲ್ ಅಂಡ್ ಶ್ಯಾಮ್‌ರಾಕ್: ಜನಪದಕ್ಕೆ ಮೀಸಲಾದ ವಾರದ ಒಂದು ಗಂಟೆ

‘ದ ಥಿಸಲ್ ಅಂಡ್ ಶ್ಯಾಮ್‌ರಾಕ್’ ಸ್ಕಾಟ್ಲೆಂಡ್, ಐರ್ಲೆಂಡ್ ಮೊದಲಾದ ಕೆಲ್ಟಿಕ್ ನಾಡುಗಳ ಹಾಡು, ವಾದ್ಯಸಂಗೀತಗಳನ್ನು ಅಮೆರಿಕದ ಕೇಳುಗರಿಗೆ ವಾರಕ್ಕೊಮ್ಮೆ ತಲುಪಿಸಿದ ರೇಡಿಯೊ ಕಾರ್ಯಕ್ರಮ. ಥಿಸಲ್ ಎಂಬ ಮುಳ್ಳುಗಿಡ ಸ್ಕಾಟ್ಲೆಂಡಿನ ಲಾಂಛನ. ಮೂರೆಲೆಯ ಶ್ಯಾಮ್‌ರಾಕ್ ಐರ್ಲೆಂಡಿನದು. ಈ ಕಾರ್ಯಕ್ರಮವನ್ನು ರೂಪಿಸಿ ನಿರೂಪಿಸಿದವರು ಸ್ಕಾಟ್ಲೆಂಡಿನ ಫಿಯೋನಾ ರಿಚಿ. ಓದಲೆಂದು ಉತ್ತರ ಕ್ಯಾರೊಲಿನಾದ ಶಾರ್ಲೆಟ್ ನಗರಕ್ಕೆ ಬಂದಿದ್ದ ಅವರು 1981ರಲ್ಲಿ ಅಲ್ಲಿನ ಡಬ್ಲ್ಯುಎಫ್‌ಎಇ ಕೇಂದ್ರದಲ್ಲಿ ಕಾರ್ಯಕ್ರಮ ಶುರುಮಾಡಿದರು. 1983ರಿಂದ ನ್ಯಾಷನಲ್ ಪಬ್ಲಿಕ್ ರೇಡಿಯೊ ಅದನ್ನು ದೇಶದ ಹಲವು ಕೇಂದ್ರಗಳಿಗೆ ಒದಗಿಸಿತು. ಈ ಕೇಂದ್ರಗಳು ಲಾಭದ ಉದ್ದೇಶವಿಲ್ಲದವು. ಕೇಳುಗರ ದೇಣಿಗೆಯನ್ನೂ ನೆಚ್ಚಿಕೊಂಡು ನಡೆಯುವಂಥವು. ಹಾಗಾಗಿ ದೊಡ್ಡ ಮಾರುಕಟ್ಟೆಯಿಲ್ಲದ ಸಂಗೀತಕ್ಕೂ ಅಲ್ಲಿ ಜಾಗ ಸಿಕ್ಕಿತು.

ಒಂದೊಂದು ವಾರಕ್ಕೆ ಒಂದೊಂದು ವಿಷಯ: ಒಮ್ಮೆ ಒಂದು ವಾದ್ಯ, ಇನ್ನೊಮ್ಮೆ ಒಂದು ಪ್ರದೇಶ, ಮತ್ತೊಮ್ಮೆ ಒಂದು ಋತು ಅಥವಾ ಒಬ್ಬ ಕಲಾವಿದ. ಹಳೆಯ ಧ್ವನಿಮುದ್ರಣದ ಬೆನ್ನಿಗೇ ಹೊಸ ತಂಡದ ಹಾಡು ಬರುತ್ತಿತ್ತು. ನಡುನಡುವೆ ಹಾಡಿನ ಹಿನ್ನೆಲೆಯನ್ನು ತಿಳಿಸುವ ನಾಲ್ಕು ಮಾತು. ಹಳತು ಹೊಸತು ಹೀಗೆ ಅಕ್ಕಪಕ್ಕದಲ್ಲಿ ಕೇಳಿಬಂದಾಗ ಪರಂಪರೆ ಬದಲಾಗುತ್ತಲೇ ಉಳಿಯುವ ಬಗೆ ಕಿವಿಗೇ ತಿಳಿಯುತ್ತಿತ್ತು.

ಸ್ಕಾಟ್ಲೆಂಡಿನ ದ್ವೀಪಗಳ ಹೆಂಗಸರ ಹಾಡುಗಳು ಇದಕ್ಕೆ ಒಳ್ಳೆಯ ನಿದರ್ಶನ. ಮಗ್ಗದಿಂದ ಇಳಿಸಿದ ಉಣ್ಣೆಬಟ್ಟೆಯನ್ನು ನೆನೆಸಿ, ಹಲಗೆಯ ಸುತ್ತ ಕುಳಿತು ಬಡಿದು ಗಟ್ಟಿಮಾಡುವಾಗ ಅವರು ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುತ್ತಿದ್ದರು. ನಮ್ಮ ಬೀಸುವ ಪದಗಳಂತೆ ಇಲ್ಲಿಯೂ ದುಡಿಮೆಯ ಲಯವೇ ಹಾಡಿನ ಲಯ. ಅಂಥದೊಂದು ಪ್ರಾಚೀನ ಹಾಡನ್ನು ಕೇಪರ್‌ಕೇಲಿ ಎಂಬ ತಂಡ ಆಧುನಿಕ ವಾದ್ಯಗಳೊಂದಿಗೆ ಹಾಡಿತು. 1992ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಗೀತೆಗಳ ಮೊದಲ ನಲವತ್ತರ ಪಟ್ಟಿಯನ್ನು ಸೇರಿತು.

ವಾದ್ಯಗಳ ಕತೆಯೂ ಹೀಗೆಯೇ. ಐರ್ಲೆಂಡಿನ ಇಲನ್ ಪೈಪ್‌ಗೆ ಗಾಳಿ ತುಂಬುವುದು ಬಾಯಿಯಿಂದಲ್ಲ, ಮೊಣಕೈಯಡಿ ಒತ್ತುವ ತಿದಿಯಿಂದ. ಇದು ಆ ನಾಡಿನಲ್ಲೇ ಬೆಳೆದ ವಾದ್ಯ. ಬುಝೂಕಿ ಎಂಬ ತಂತಿವಾದ್ಯವಾದರೋ ಗ್ರೀಸಿನದು. 1960ರ ದಶಕದಲ್ಲಿ ಐರ್ಲೆಂಡಿಗೆ ಬಂದ ಅದನ್ನು 1970ರ ದಶಕದ ಪ್ಲ್ಯಾಂಕ್ಸ್‌ಟಿಯಂಥ ತಂಡಗಳು ಬಳಸಿದವು. ಈಗ ಅದು ಅನೇಕ ಐರಿಷ್ ಜನಪದ ಮೇಳಗಳಲ್ಲಿ ಕೇಳಿಬರುತ್ತದೆ.

ಕಾರ್ಯಕ್ರಮ ಹುಟ್ಟಿದ ಉತ್ತರ ಕ್ಯಾರೊಲಿನಾಕ್ಕೂ ಈ ಸಂಗೀತಕ್ಕೂ ಹಳೆಯ ನಂಟಿದೆ. ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಅಲ್ಸ್ಟರ್ ಪ್ರಾಂತ್ಯಕ್ಕೆ ಹೋಗಿ ನೆಲೆಸಿದವರ ಪೀಳಿಗೆಯವರು ಹದಿನೆಂಟನೆಯ ಶತಮಾನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೊರಟರು. ಅನೇಕರು ಫಿಲಡೆಲ್ಫಿಯಾ ಕಡೆಯ ಬಂದರುಗಳಲ್ಲಿ ಇಳಿದು, ಬಂಡಿದಾರಿ ಹಿಡಿದು ಅಪಲೇಶಿಯನ್ ಬೆಟ್ಟಸಾಲಿನಲ್ಲಿ ನೆಲೆಯಾದರು. ಅವರೊಂದಿಗೆ ಪಿಟೀಲಿನ ಕುಣಿತದ ಮಟ್ಟುಗಳೂ ಬ್ಯಾಲಡ್ ಎಂಬ ಕಥನಗೀತೆಗಳೂ ಬಂದವು. 1916ರಿಂದ 1918ರವರೆಗೆ ಆ ಬೆಟ್ಟಗಳಲ್ಲಿ ಸುತ್ತಾಡಿದ ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್‌ಗೆ ಬ್ರಿಟನ್ನಿನ ಹಳೆಯ ಕಥನಗೀತೆಗಳು ಜನರ ಬಾಯಲ್ಲಿ ಇನ್ನೂ ಜೀವಂತವಾಗಿ ಸಿಕ್ಕವು. ಆ ಪಿಟೀಲಿಗೆ ಆಫ್ರಿಕಾ ಮೂಲದ ಜನರ ಬ್ಯಾಂಜೊ ಜೊತೆಯಾಯಿತು. ಮುಂದೆ ಬ್ಲೂಗ್ರಾಸ್ ಸಂಗೀತ ರೂಪುಗೊಂಡಿದ್ದರ ಹಿಂದೆ ಈ ಕೂಡುವಿಕೆಯಿದೆ. ಸ್ಕಾಟ್ಲೆಂಡಿನ ಕಥನಗೀತೆಯ ಧಾಟಿ ಕನ್ನಡಕ್ಕೂ ಅಪರಿಚಿತವಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕಾರಿಹೆಗ್ಗಡೆಯ ಮಗಳು’ ಸ್ಕಾಟಿಷ್ ಕವಿ ಥಾಮಸ್ ಕ್ಯಾಂಪ್‌ಬೆಲ್‌ನ ಕವಿತೆಯ ರೂಪಾಂತರ.

ಈ ವಲಸೆಯ ಕತೆಯನ್ನೇ ರಿಚಿ, ಡಗ್ ಆರ್ ಅವರ ಜೊತೆಗೂಡಿ ‘ವೇಫೇರಿಂಗ್ ಸ್ಟ್ರೇಂಜರ್ಸ್’ ಎಂಬ ಪುಸ್ತಕವಾಗಿ ಬರೆದರು; ಅದು 2014ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿಗೆ ಮರಳಿದ ಮೇಲೂ ಅವರು ಅಲ್ಲಿಂದಲೇ ಅಮೆರಿಕದ ಕೇಳುಗರಿಗೆ ಕಾರ್ಯಕ್ರಮ ಸಿದ್ಧಪಡಿಸಿದರು. ವಲಸೆ ಹೋದವರ ಸಂತತಿಗೆ ಪೂರ್ವಿಕರ ಹಾಡು, ಯುವ ಕಲಾವಿದರಿಗೆ ಕಡಲಾಚೆಯ ಕೇಳುಗರು: ನಾಲ್ಕು ದಶಕಗಳಿಗೂ ಮೀರಿ ಈ ಎರಡನ್ನೂ ಒಟ್ಟಿಗೆ ಒದಗಿಸಿದ್ದು ಈ ಕಾರ್ಯಕ್ರಮದ ಸಾಧನೆ.