ವಿಶ್ವವಿದ್ಯಾನಿಲಯದ ವಿಜ್ಞಾನೋಪನ್ಯಾಸಗಳು

ವಿಜ್ಞಾನಶಾಸ್ತ್ರದಲ್ಲಿ ಪರಿಶ್ರಮವಿಲ್ಲದ ಕನ್ನಡ ಪಂಡಿತನೊಬ್ಬನು ವಿಜ್ಞಾನೋಪನ್ಯಾಸಗಳನ್ನು ಕುರಿತು ಬರೆಯಹೊರಟುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಉಪನ್ಯಾಸವೆಂಬುದು ಮಾತಿನ ವ್ಯವಹಾರ. ಮಾತಿನ ವಿಷಯದಲ್ಲಿ ಪಂಡಿತನಿಗೂ ಒಂದಿಷ್ಟು ಅಧಿಕಾರವುಂಟೆಂದು ಭಾವಿಸಿ, ಸಂಪಾದಕ ಮಂಡಲಿಯ ಆದೇಶವನ್ನು ಒಪ್ಪಿಕೊಂಡಿದ್ದೇನೆ.

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ವಿಜ್ಞಾನದ ಭಾಷಣಗಳು ಎರಡು ತೆರನಾದವು. ಸಂಶೋಧಕರು ತಮ್ಮ ಸಮಾನರ ಮುಂದೆ ಮಾಡುವ ಗೋಷ್ಠಿಯ ಭಾಷಣ ಒಂದು. ಊರಿನವರೆಲ್ಲರಿಗೂ ಬಾಗಿಲು ತೆರೆದಿರುವ ಸಾರ್ವಜನಿಕ ಉಪನ್ಯಾಸ ಮತ್ತೊಂದು. ಮೊದಲನೆಯದು ನಮ್ಮ ಸಂಸ್ಕೃತ ಪಾಠಶಾಲೆಗಳ ವಾಕ್ಯಾರ್ಥಸಭೆಯಂತೆ. ಹೇಳುವವರೂ ಕೇಳುವವರೂ ಒಂದೇ ಶಾಸ್ತ್ರದಲ್ಲಿ ನುರಿತವರು. ಕೈಗೊಂಡ ಕೆಲಸ ಇನ್ನೂ ಪೂರ್ಣವಾಗಿರುವುದಿಲ್ಲ. ಅಳತೆ ಸರಿಯೆ, ಹೇಳಿದ ಹೇತು ಸಾಕೆ, ಬೇರೊಂದು ಕಾರಣವಿರಬಾರದೆ ಎಂದು ಪೂರ್ವಪಕ್ಷವನ್ನೆತ್ತುವುದೇ ಅಲ್ಲಿ ಶ್ರೋತೃಗಳ ಧರ್ಮ. ದೋಷವು ಹೊರಬಿದ್ದರೆ ಗೋಷ್ಠಿ ಸಾರ್ಥಕವಾಯಿತೆಂದೇ ಅರ್ಥ. ಎರಡನೆಯದನ್ನು ಗಮಕದ ವ್ಯಾಖ್ಯಾನಕ್ಕೆ ಹೋಲಿಸಬಹುದು. ಕಾವ್ಯವನ್ನು ಓದಿರದವನಿಗೂ ರಸ ಮುಟ್ಟಬೇಕು. ಆದರೆ ಮೂಲದಲ್ಲಿಲ್ಲದುದನ್ನು ವ್ಯಾಖ್ಯಾನಕಾರನು ಸೇರಿಸುವಂತಿಲ್ಲ. ವಾಕ್ಯಾರ್ಥದಲ್ಲಿ ಗಟ್ಟಿಗರಾದವರು ವ್ಯಾಖ್ಯಾನಕ್ಕೆ ಕುಳಿತಾಗ ತಡವರಿಸುವುದನ್ನು ನಾವೆಲ್ಲರೂ ಕಂಡವರೇ.

ಈ ಎರಡನ್ನೂ ನಿರ್ವಹಿಸಿ ತೋರಿಸಿದವರು ಸರ್ ಸಿ.ವಿ. ರಾಮನ್ನರು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರಿಗೆ ಹೊಸ ವಿದ್ಯಮಾನವು ಸ್ಪಷ್ಟವಾಗಿ ಗೋಚರಿಸಿತು. ಹದಿನೇಳು ದಿನಗಳ ಮೇಲೆ, ಮಾರ್ಚ್ 16ರಂದು, ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯ ಮುಂದೆ ಅವರು ಅದನ್ನು ವಿವರಿಸಿದರು. ಸಹೋದ್ಯೋಗಿ ಕೆ.ಎಸ್. ಕೃಷ್ಣನ್ನರ ನೆರವನ್ನು ಅಲ್ಲಿ ಸ್ಮರಿಸಿದರು. ಆ ಭಾಷಣವೇ ಅದೇ ತಿಂಗಳ ಕೊನೆಯಲ್ಲಿ ಭಾರತೀಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ ಹೊರದೇಶಗಳ ವಿಜ್ಞಾನಿಗಳ ಕೈಸೇರಿತು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಅಂದು ಅವರು ಹೇಳಿದ ವಿಷಯವಾದರೂ ಏನು? ಪಾದರಸ ದೀಪದ ಬೆಳಕಿನಿಂದ ಒಂದು ಬಣ್ಣವನ್ನು ಸೋಸಿ ತೆಗೆದು ಶುದ್ಧವಾದ ದ್ರವದೊಳಕ್ಕೆ ಹಾಯಿಸಿದರೆ, ಅಲ್ಪಭಾಗವು ದ್ರವದ ಅಣುಗಳಿಂದ ಸುತ್ತಲೂ ಚದರುತ್ತದೆ. ಚದರಿದ ಬೆಳಕಿನ ಬಹುಪಾಲು ತನ್ನ ಮೂಲವರ್ಣವನ್ನು ಬಿಡುವುದಿಲ್ಲ. ಆದರೆ ಅದರಲ್ಲಿ ಅತ್ಯಂತ ಕ್ಷೀಣವಾದ ಒಂದಂಶವು ಅಣುವಿಗೆ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ತೆತ್ತು, ಬೇರೊಂದು ಬಣ್ಣ ತಾಳಿ ಹೊರಬರುತ್ತದೆ. ಸುಂಕದ ಕಟ್ಟೆಯನ್ನು ದಾಟಿದ ವರ್ತಕನ ಗಂಟು ಹಗುರವಾಗುವಂತೆ ಎನ್ನೋಣ. ಎಷ್ಟು ಸುಂಕ ತೆತ್ತಿತೆಂಬುದನ್ನು ಅಳೆದರೆ ಯಾವ ಕಟ್ಟೆಯನ್ನು ದಾಟಿತೆಂದು, ಎಂದರೆ ಆ ಅಣು ಯಾವುದೆಂದು, ತಿಳಿಯಬಹುದು. ಇಂದು ಔಷಧಗಳನ್ನೂ ರತ್ನಗಳನ್ನೂ ಈ ಕ್ರಮದಿಂದ ಪರೀಕ್ಷಿಸುತ್ತಾರೆ.

ಆ ಬದಲಾದ ಬಣ್ಣವು ಕಾಣಿಸುವುದು ‘ರೋಹಿತ’ದಲ್ಲಿ. ಬೆಳಕನ್ನು ಬಿಡಿಸಿ ಹರಡಿದಾಗ ದೊರೆಯುವ ವರ್ಣಪಟ್ಟಿಕೆಗೆ ಕನ್ನಡದಲ್ಲಿ ನಿಂತ ಹೆಸರಿದು. ಬಾಗಿರದೆ ನೇರವಾಗಿರುವ ಇಂದ್ರಧನುಸ್ಸಿಗೆ ರೋಹಿತವೆಂದು ಹೆಸರೆಂಬುದು ಅಮರಕೋಶವನ್ನು ಓದಿದವರಿಗೆ ಗೊತ್ತು. ಉಪಕರಣದಲ್ಲಿ ಕಾಣುವುದೂ ನೇರಗೊಂಡ ಇಂದ್ರಧನುಸ್ಸೇ! ಈ ಪದವನ್ನು ಆರಿಸಿದವರ ಜಾಣ್ಮೆಗೆ ನಾನು ತಲೆದೂಗಿದ್ದೇನೆ. ನನ್ನ ಜಾಣ್ಮೆ ಅಂಥದಲ್ಲ. ಬೆಳಕು ಚದರುವುದಕ್ಕೆ ಒಂದು ಪದ ಬೇಕೆಂದು ನಮ್ಮ ವಿಜ್ಞಾನದ ಅಧ್ಯಾಪಕರು ಒಮ್ಮೆ ಕೇಳಿದಾಗ ‘ಪ್ರಕೀರ್ಣನ’ವೆಂದು ಕೊಟ್ಟೆ. ಅವರು ವಿನಯದಿಂದ ನಕ್ಕು, “ಪುಸ್ತಕದಲ್ಲಿ ‘ಚದರಿಕೆ’ ಎಂದಿದೆ, ಮಕ್ಕಳಿಗೂ ಅರ್ಥವಾಗಿದೆ” ಎಂದರು.

ರಾಮನ್ನರ 1928ರ ಭಾಷಣವು ಇಂಗ್ಲಿಷಿನಲ್ಲಿತ್ತು. ವಿದ್ವತ್ಸಭೆಗೆ ಅದು ಸಲ್ಲುವಂಥದೇ. ಬೆಂಗಳೂರಿನ ಪ್ರಾಧ್ಯಾಪಕರಲ್ಲಿ ಕನ್ನಡದ ಚಿಂತೆ ಆ ಮೊದಲೇ ಮೂಡಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಅದೇ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. 1930ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರೇ ಮೊದಲಾದವರ ಉತ್ಸಾಹದಿಂದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡತೊಡಗಿದರು. ಉಪನ್ಯಾಸವು ಮುಂದೆ ಕಿರುಹೊತ್ತಗೆಯಾಗಿ ಬರುತ್ತಿದ್ದುದರಿಂದ, ಸಭೆಗೆ ಬಾರದವನೂ ಓದಬಹುದಾಗಿತ್ತು. ಜನರು ವಿಶ್ವವಿದ್ಯಾನಿಲಯಕ್ಕೆ ಬರಲೆಂದು ಕಾಯದೆ ವಿಶ್ವವಿದ್ಯಾನಿಲಯವೇ ಜನರ ಬಳಿಗೆ ಹೋದ ಕಾಲವದು.

ಕೆಲವು ವರ್ಷಗಳ ಹಿಂದೆ, ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ, ಒಂದು ವಿಶ್ವವಿದ್ಯಾನಿಲಯದ ಸಾರ್ವಜನಿಕ ಉಪನ್ಯಾಸಕ್ಕೆ ನಮ್ಮ ಹತ್ತನೆಯ ತರಗತಿಯ ಮಕ್ಕಳನ್ನು ಕರೆದೊಯ್ದಿದ್ದೆವು. ಆಹ್ವಾನಪತ್ರಿಕೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ವೆಂದಿತ್ತು. ಭಾಷಣ ಮಾತ್ರ ಆದಿಯಿಂದ ಅಂತ್ಯದವರೆಗೆ ಇಂಗ್ಲಿಷಿನಲ್ಲಿ ನಡೆಯಿತು. ಆಕಾಶದ ನೀಲಿಯನ್ನು ಕುರಿತ ಚಿತ್ರಗಳು ಚೆನ್ನಾಗಿದ್ದುವು. ಮಕ್ಕಳು ಅಷ್ಟರಿಂದಲೇ ತಕ್ಕಮಟ್ಟಿಗೆ ಊಹಿಸಿಕೊಂಡರು. ಪ್ರಶ್ನೆಗಳನ್ನು ಕೇಳಬಹುದೆಂದಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಹುಡುಗನೊಬ್ಬನು ಅರ್ಧ ಎದ್ದು, ಸುತ್ತಲೂ ನೋಡಿ, ಕುಳಿತುಬಿಟ್ಟನು. ಹಿಂದಿರುಗುವಾಗ ಬಸ್ಸಿನಲ್ಲಿ ಅವನು ನನ್ನನ್ನು ಕೇಳಿದ: “ಗುರುಗಳೆ, ತರಂಗಾಂತರ ಕಿರಿದಾದಷ್ಟೂ ಬೆಳಕು ಹೆಚ್ಚು ಚದರುತ್ತದೆಂದು ನಮಗೆ ಪಾಠವಾಗಿದೆ. ನೀಲಿಗಿಂತ ನೇರಳೆಯದು ಕಿರಿದು. ಹಾಗಾದರೆ ಆಕಾಶ ನೇರಳೆಯಾಗಿ ಏಕಿಲ್ಲ?”

ಆ ಸಭೆಯಲ್ಲಿ ಕೇಳಿಬಂದ ಯಾವ ಪ್ರಶ್ನೆಯೂ ಇದರಷ್ಟು ತೂಕದ್ದಾಗಿರಲಿಲ್ಲ. ಉತ್ತರ ನನಗೆ ತಿಳಿದಿರಲಿಲ್ಲ. ಉಪನ್ಯಾಸಕರಿಗೆ ಕನ್ನಡದಲ್ಲಿಯೇ ಪತ್ರ ಬರೆದೆ. ಹತ್ತು ದಿನಗಳಲ್ಲಿ ಎರಡು ಪುಟಗಳ ಉತ್ತರ ಬಂದಿತು, ಅದೂ ಅಚ್ಚುಕಟ್ಟಾದ ಕನ್ನಡದಲ್ಲಿ! ಕೇಳುವವರಿಲ್ಲವೆಂದು ಅವರೂ, ಹೇಳುವವರಿಲ್ಲವೆಂದು ನಾವೂ ಸುಮ್ಮನಿದ್ದೆವೇನೋ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಿದ್ದಾರೆ. ವರ್ಷಕ್ಕೊಮ್ಮೆ ಇಲ್ಲಿಗೆ ಬಂದು, ತಾವು ಗೋಷ್ಠಿಯಲ್ಲಿ ಹೇಳುವುದನ್ನು ಈ ಮಕ್ಕಳಿಗೆ ಕನ್ನಡದಲ್ಲಿ ಹೇಳುವುದಾದರೆ ಸಭಾಂಗಣವಿದೆ, ಶ್ರೋತೃಗಳಿದ್ದಾರೆ. ದಾನಿಗಳು ಹೋಗಿಬರುವ ಬಸ್ಸಿನ ವೆಚ್ಚವನ್ನು ವಹಿಸಿಕೊಂಡರೆ ಮಕ್ಕಳನ್ನು ಅಲ್ಲಿಗೂ ಕಳುಹಿಸಬಹುದು.

ಪತ್ರದ ಸಾರ ಇಷ್ಟು: ಸೂರ್ಯನ ಬೆಳಕಿನಲ್ಲಿಯೇ ನೇರಳೆಯ ಪಾಲು ಕಡಿಮೆ, ಅದಲ್ಲದೆ ನಮ್ಮ ಕಣ್ಣು ನೀಲಿಯನ್ನು ಗ್ರಹಿಸುವಷ್ಟು ಚೆನ್ನಾಗಿ ನೇರಳೆಯನ್ನು ಗ್ರಹಿಸದು, ಚದರಿ ಬಂದ ಎಲ್ಲ ಬಣ್ಣಗಳ ಬೆರಕೆಯು ನಮಗೆ ತಿಳಿನೀಲಿಯಾಗಿ ತೋರುತ್ತದೆ. ಜೇನುಹುಳುಗಳ ಕಣ್ಣು ಹಾಗಲ್ಲವೆಂದೂ, ನೇರಳೆಯಿಂದಾಚೆಯ, ನಮಗೆ ಕಾಣದ ಬೆಳಕು ಕೂಡ ಅವಕ್ಕೆ ಕಾಣುವುದೆಂದೂ ಕೊನೆಯಲ್ಲಿ ಬರೆದಿದ್ದರು. ಅದನ್ನು ತರಗತಿಯಲ್ಲಿ ಓದಿ ಮುಗಿಸುವಷ್ಟರಲ್ಲಿ ಅದೇ ಹುಡುಗ ಎದ್ದು ನಿಂತು, “ಹಾಗಾದರೆ ಜೇನಿಗೆ ಆಕಾಶ ಯಾವ ಬಣ್ಣ, ಗುರುಗಳೆ?” ಎಂದ. ಮಾರನೆಯ ದಿನ ಆ ಪ್ರಶ್ನೆಯನ್ನೂ ಬರೆದು ಅಂಚೆಗೆ ಹಾಕಿದೆ.