ಗಾಳದ ಕೋಲಿನ ಆಯ್ಕೆ

ಕೆರೆಯ ಏರಿಯ ಮೇಲೆ ಕುಳಿತು, ಮೆಳೆಯಿಂದ ಕಡಿದು ತಂದ ಬಿದಿರಿಗೆ ನೂಲು ಕಟ್ಟಿ, ಕೊಕ್ಕೆಗೆ ಎರೆಹುಳುವನ್ನು ಚುಚ್ಚಿ, ಬೆಂಡು ಮುಳುಗುವುದನ್ನೇ ಎದುರುನೋಡುತ್ತಿದ್ದ ಬಾಲ್ಯವು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಬಿದಿರಿಗೆ ಬೆಲೆಯಿರಲಿಲ್ಲ. ಅದನ್ನು ಆರಿಸಲು ವಿದ್ಯೆಯೂ ಬೇಕಿರಲಿಲ್ಲ. ನೆಟ್ಟಗಿದ್ದರೆ ಸಾಕು, ಗಟ್ಟಿಯಾಗಿದ್ದರೆ ಇನ್ನೂ ಲೇಸು. ಈ ಭಾವನೆಯನ್ನೇ ಹೊತ್ತುಕೊಂಡು ನಾನು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋದೆನು. ಅದರ ಫಲವಾಗಿ ಹನ್ನೊಂದು ವರ್ಷದ ನನ್ನ ಮೊಮ್ಮಗನು ಕಣ್ಣೀರಿಡಬೇಕಾಯಿತು. ಮಕ್ಕಳ ಕೈಗೆ ಗಾಳದ ಕೋಲನ್ನು ಕೊಡುವ ಹಿರಿಯರು ಯಾರೇ ಆಗಲಿ, ನನ್ನ ತಪ್ಪಿನಿಂದ ಪಾಠವನ್ನು ಕಲಿಯಲೆಂದು ಇದನ್ನು ಬರೆಯುತ್ತಿರುವೆನು.

ಆ ಪ್ರಾಂತದಲ್ಲಿ ಲೇಕ್ ಫೋರ್ಕ್ ಎಂಬ ಜಲಾಶಯವಿರುವುದು. 1980ರಲ್ಲಿ ಕಟ್ಟೆ ಹಾಕಿ ನೀರು ನಿಲ್ಲಿಸಿದ ಇದರ ವಿಸ್ತಾರವು ಸುಮಾರು 27,000 ಎಕರೆ. ಮುಳುಗಿದ ಕಾಡಿನ ಬೋಳುಮರಗಳು ನೀರಿನಿಂದ ತಲೆಯೆತ್ತಿ ನಿಂತಿರುವುವು. ದಡದುದ್ದಕ್ಕೂ ನೀರುಕಳೆಯು ಹಬ್ಬಿರುವುದು. ಇದು ದೊಡ್ಡ ಬಾಯಿಯ ಬ್ಯಾಸ್ ಮೀನಿಗೆ ಹೇಳಿಮಾಡಿಸಿದ ನೆಲೆ. ಆ ಮೀನು ಕಳೆಯ ನೆರಳಿನಲ್ಲಿಯೋ ಮರದ ಬುಡದಲ್ಲಿಯೋ ಹೊಂಚುಹಾಕಿದ್ದು, ಚಿಕ್ಕ ಮೀನು, ಸಿಗಡಿ, ಕಪ್ಪೆಗಳನ್ನು ಒಂದೇ ಗುಕ್ಕಿಗೆ ನುಂಗುವುದು. ಟೆಕ್ಸಾಸಿನಲ್ಲಿ ದಾಖಲೆಯಾದ ಅತಿ ಭಾರದ ಬ್ಯಾಸ್ 1992ರಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ. ಅದರ ತೂಕ 18.18 ಪೌಂಡು.

ಮೊಮ್ಮಗನಿಗೆ ಕೋಲನ್ನು ಕೊಡಿಸುವೆನೆಂದು ನಾನು ಅಂಗಡಿಗೆ ಹೋದಾಗ, ಅಂಗಡಿಯಾತನು, "ಯಾವ ಎರೆಗೆ? ಎಂಥ ನೀರಿಗೆ?" ಎಂದು ಕೇಳಿದನು. ನನಗೆ ಈ ಪ್ರಶ್ನೆಗಳು ವ್ಯಾಪಾರದ ಮಾತೆಂದು ತೋರಿದುವು. "ಇರುವುದರಲ್ಲೆಲ್ಲ ಗಟ್ಟಿಯಾದುದನ್ನು ಕೊಡು" ಎಂದುಬಿಟ್ಟೆನು. ಹುಡುಗನ ಬಳಿ ಇದ್ದ ಎರೆಯು ಕ್ರ್ಯಾಂಕ್‌ಬೇಟ್ ಎಂಬುದು. ಮೂತಿಗೊಂದು ಪುಟ್ಟ ನಾಲಗೆಯುಳ್ಳ ಹುಸಿಮೀನು, ಹೊಟ್ಟೆಯಡಿ ಮುಮ್ಮೊನೆಯ ಎರಡು ಕೊಕ್ಕೆಗಳು. ಎಳೆದಾಗ ಅದು ಮೈ ಬಳುಕಿಸುತ್ತ ನೀರಿನಲ್ಲಿ ಓಡುವುದು. ಮೊದಲ ದಿನವೇ ಮೂರು ಮೀನುಗಳು ಅದನ್ನು ಹಿಡಿದುವು. ಮೂರೂ ದಡದ ಬಳಿ ಕಳಚಿಕೊಂಡುವು. "ತಾತ, ನನಗೆ ಬರುವುದಿಲ್ಲ" ಎಂದು ಹುಡುಗನು ಮುಖ ಬಾಡಿಸಿದನು.

ಮರುವಾರ ನೆರೆಮನೆಯಿಂದ ಬಹು ತೆಳುವಾದ ಕೋಲೊಂದನ್ನು ಎರವಲು ತಂದೆವು. ಜುಲೈ ತಿಂಗಳ ಸುಡುಬಿಸಿಲು. ಒಂದು ಬ್ಯಾಸ್ ಹಿಡಿಯಿತು. ಆದರೆ ಕೋಲು ಬಿಲ್ಲಿನಂತೆ ಬಾಗಿತೇ ಹೊರತು ಮೀನನ್ನು ಕಳೆಯಿಂದ ಈಚೆಗೆ ತರಲಾರದಾಯಿತು. ಬಹಳ ಹೊತ್ತು ಹೋರಾಡಿ ಅದನ್ನು ದಡಕ್ಕೆ ತಂದೆವು. ಅಳೆದರೆ 18 ಅಂಗುಲ! ಆ ಜಲಾಶಯದ ಕಟ್ಟಳೆಯಂತೆ 16ರಿಂದ 24 ಅಂಗುಲದವರೆಗಿನ ಬ್ಯಾಸನ್ನು ನೀರಿಗೇ ಮರಳಿ ಬಿಡಬೇಕು. ಸಂತತಿ ಉಳಿಯಲೆಂಬುದು ಅದರ ಉದ್ದೇಶ. ನಾವು ಚಿತ್ರ ತೆಗೆದು, ಸಂತೋಷಪಟ್ಟು, ನೀರಿಗೆ ಬಿಟ್ಟೆವು. ಮೀನು ಒಂದೆರಡು ಸಲ ಬಾಲವಾಡಿಸಿ, ಹೊಟ್ಟೆ ಮೇಲಾಗಿ ತೇಲಿತು. ಹುಡುಗನು ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಎರಡೂ ಕೈಗಳಲ್ಲಿ ಹಿಡಿದು ನಿಲ್ಲಿಸಲು ಪ್ರಯತ್ನಪಟ್ಟನು. ಅದು ಮತ್ತೆ ಈಜಲಿಲ್ಲ. ಮನೆಗೆ ಬರುವವರೆಗೂ ಅವನು ಮಾತನಾಡಲಿಲ್ಲ.

ಕೋಲನ್ನು ಕೊಟ್ಟಿದ್ದ ನೆರೆಮನೆಯ ಮುದುಕರು ಸಂಗತಿಯನ್ನು ಕೇಳಿ, ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಬಿಸಿಯೇರಿದ ನೀರಿನಲ್ಲಿ ಪ್ರಾಣವಾಯುವು ಕಡಿಮೆ. ಅದರಲ್ಲಿ ದೀರ್ಘಕಾಲ ಸೆಣಸಿ ದಣಿದ ಮೀನನ್ನು ಗಾಳಿಯಲ್ಲಿಯೂ ಹಿಡಿದಿಟ್ಟರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಗಟ್ಟಿಯ ಕೋಲು ಮೀನನ್ನು ಕಳೆದರೆ, ಅತಿ ಮೆದುವಾದ ಕೋಲು ಮೀನನ್ನು ಕೊಲ್ಲಬಹುದು. ಅವರು ತಿಳಿಸಿದುದರ ಸಾರವನ್ನು ವಾಚಕರ ಮುಂದಿಡುತ್ತೇನೆ.

ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಎರಡು ಗುಣಗಳನ್ನು ಅಚ್ಚುಹಾಕಿರುವರು. ಒಂದು, ಪವರ್, ಅಂದರೆ ಬಲ: ಕೋಲನ್ನು ಬಾಗಿಸಲು ಎಷ್ಟು ಭಾರ ಬೇಕೆಂಬುದು. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂಬಿವು ಅದರ ಮೆಟ್ಟಿಲುಗಳು. ಇನ್ನೊಂದು, ಆಕ್ಷನ್, ಅಂದರೆ ಬಾಗು: ಕೋಲು ಎಲ್ಲಿ ಬಾಗುವುದೆಂಬುದು. ತುದಿಯಲ್ಲಿ ಮಾತ್ರ ಬಾಗುವುದು ಫಾಸ್ಟ್. ನಡುವಿನವರೆಗೆ ಬಾಗುವುದು ಮಾಡರೇಟ್. ಹಿಡಿಯವರೆಗೂ ಬಾಗುವುದು ಸ್ಲೋ. ಇವೆರಡೂ ಬೇರೆ ಬೇರೆ ಎಂಬುದನ್ನು ಅರಿಯದಿದ್ದುದೇ ನನ್ನ ಮೊದಲ ತಪ್ಪು. ಎಷ್ಟು ಔನ್ಸಿನ ಎರೆ, ಎಷ್ಟು ಪೌಂಡಿನ ನೂಲು ತಕ್ಕುದೆಂಬುದನ್ನೂ ಅಲ್ಲಿಯೇ ಬರೆದಿರುವರು. ಒಬ್ಬ ತಯಾರಕರ ಅಳತೆಯು ಇನ್ನೊಬ್ಬರದಕ್ಕೆ ಸರಿಹೊಂದದಿರುವುದುಂಟು. ಆದುದರಿಂದ ಕೈಯಲ್ಲಿ ಹಿಡಿದು ಬಾಗಿಸಿ ನೋಡಿಯೇ ಕೊಳ್ಳಬೇಕು.

ಇನ್ನು ಎರೆಗೆ ತಕ್ಕ ಕೋಲು. ಕ್ರ್ಯಾಂಕ್‌ಬೇಟಿನ ಮುಮ್ಮೊನೆಯ ಕೊಕ್ಕೆಗಳು ಚಿಕ್ಕವು, ಮೇಲುಮೇಲೆ ಕಚ್ಚುವಂಥವು. ಕೋಲು ಸೆಟೆದುಕೊಂಡಿದ್ದರೆ ಮೀನು ತಲೆ ಕೊಡವಿದೊಡನೆ ಬಾಯಿ ಹರಿದು ಕೊಕ್ಕೆ ಕಳಚುವುದು. ಇದಕ್ಕೆ ನಡುವಿನವರೆಗೆ ಬಾಗುವ ಮಾಡರೇಟ್ ಕೋಲೇ ಯೋಗ್ಯ. ನಮ್ಮ ಮೂರು ಮೀನುಗಳು ಹೋದುದು ಇದೇ ಕಾರಣದಿಂದ. ಹುಡುಗನ ಕೈಯ ದೋಷದಿಂದಲ್ಲ.

ಪ್ಲಾಸ್ಟಿಕ್ಕಿನ ಎರೆಹುಳು, ಜಿಗ್ ಎಂಬ ಸೀಸದ ತಲೆಯ ಎರೆ, ಇವುಗಳಲ್ಲಿ ದಪ್ಪನೆಯ ಒಂದೇ ಕೊಕ್ಕೆಯಿರುವುದು. ಅದು ಮೀನಿನ ಗಡುಸಾದ ದವಡೆಯನ್ನು ಹೊಗಬೇಕು. ಮೀನು ಮುಟ್ಟಿದ ಸೂಕ್ಷ್ಮವೂ ಕೈಗೆ ತಿಳಿಯಬೇಕು. ಇದಕ್ಕೆ ಏಳಡಿಯ, ಮೀಡಿಯಂ ಹೆವಿ ಬಲದ, ಫಾಸ್ಟ್ ಬಾಗಿನ ಕೋಲು ತಕ್ಕುದು. ದಟ್ಟವಾದ ಕಳೆಯ ಮೇಲೆ ಪೊಳ್ಳು ಕಪ್ಪೆಯನ್ನು ಓಡಿಸುವುದಾದರೆ ಹೆವಿ ಕೋಲೂ, 50 ಪೌಂಡು ಅಥವಾ ಅದಕ್ಕೂ ಮೇಲ್ಪಟ್ಟ ಹೆಣೆದ ನೂಲೂ ಬೇಕು. ಇಲ್ಲವಾದರೆ ಮೀನು ಕಳೆಯೊಳಗೆ ಹೂತುಕೊಳ್ಳುವುದು. ತಿಳಿನೀರಿನಲ್ಲಿ ಚಿಕ್ಕ ಎರೆಯನ್ನು ಬಳಸುವಾಗ ತೆಳು ಕೋಲೂ, 6ರಿಂದ 8 ಪೌಂಡಿನ ನೂಲೂ ಸಾಕು; ಆದರೆ ಅದು ಬಯಲು ನೀರಿಗೆ, ಕಳೆಗಲ್ಲ. ಎರಡನೆಯ ವಾರ ನಾವು ಮಾಡಿದ ತಪ್ಪು ಇದೇ.

ನೆಲೆಯನ್ನೂ ಗಮನಿಸಬೇಕು. ಮರಗಳು ಬಾಗಿರುವ ದಡದಲ್ಲಿ ಆರಡಿಯ ಗಿಡ್ಡ ಕೋಲು ಅನುಕೂಲ. ದೋಣಿಯಿಂದ ದೂರಕ್ಕೆ ಎಸೆಯಲು ಏಳಡಿ ಅಥವಾ ಅದಕ್ಕಿಂತ ಉದ್ದವಾದುದು ಮೇಲು. ಗಾಳಿ ಬಲವಾಗಿದ್ದಾಗ ಎರೆಯ ಭಾರವನ್ನು ಹೆಚ್ಚಿಸಿ, ನೀರಿಗೆ ಸಮೀಪವಾಗಿ ಎಸೆಯತಕ್ಕದ್ದು.

ಕೋಲನ್ನು ಮಾಡುವ ವಸ್ತುವೂ ಕಾಲಕಾಲಕ್ಕೆ ಬದಲಾಗಿರುವುದು. 1881ರಲ್ಲಿ ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು ಬ್ಯಾಸ್ ಮೀನನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಉದ್ದವಾದ ಭಾರದ ಕೋಲುಗಳಿಗಿಂತ ಗಿಡ್ಡವಾದ ಹಗುರ ಕೋಲೇ ಲೇಸೆಂದು ವಾದಿಸಿದರು. ಆಗ ಮರ ಮತ್ತು ಸೀಳಿದ ಬಿದಿರಿನ ಕೋಲುಗಳಿದ್ದುವು. ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನಾರಿನ ಕೋಲುಗಳೂ, 1970ರ ದಶಕದಲ್ಲಿ ಗ್ರಾಫೈಟ್ ಕೋಲುಗಳೂ ಬಂದುವು. ಗ್ರಾಫೈಟ್ ಹಗುರ, ಸೂಕ್ಷ್ಮಗ್ರಾಹಿ. ಗಾಜಿನ ನಾರು ಭಾರ, ಆದರೆ ಮೆಲ್ಲನೆ ಬಾಗುವುದರಿಂದ ಕ್ರ್ಯಾಂಕ್‌ಬೇಟಿಗೆ ಅನೇಕರು ಇಂದಿಗೂ ಅದನ್ನೇ ಮೆಚ್ಚುವರು. ತಾಯಿತಂದೆಗಳು ಒಂದನ್ನು ಮರೆಯಬಾರದು: ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುವುದು. ವಿದ್ಯುತ್ ತಂತಿಗಳ ಕೆಳಗೂ, ಗುಡುಗುಮಿಂಚಿನ ವೇಳೆಯಲ್ಲಿಯೂ ಮಕ್ಕಳ ಕೈಯಲ್ಲಿ ಅದು ಇರಲೇಕೂಡದು.

ಇಷ್ಟೊಂದು ಕೋಲುಗಳನ್ನು ಗೃಹಸ್ಥರು ಹೇಗೆ ಕೊಂಡಾರು? ಒಂದನ್ನೇ ಕೊಳ್ಳುವುದಾದರೆ, ಹುಡುಗರಿಗೆ ಆರೂವರೆ ಅಡಿಯ, ಮೀಡಿಯಂ ಬಲದ, ಕಾಲು ಔನ್ಸಿನಿಂದ ಅರ್ಧ ಔನ್ಸಿನವರೆಗಿನ ಎರೆಯನ್ನು ತಾಳುವ ಕೋಲು ಸಾಕೆಂದು ಮುದುಕರು ಹೇಳಿದರು. ಅದು ಎಲ್ಲ ಕೆಲಸಕ್ಕೂ ಅತ್ಯುತ್ತಮವಲ್ಲ. ಆದರೆ ಅದರ ಮಿತಿಯನ್ನರಿತು, ದಟ್ಟ ಕಳೆಯನ್ನೂ ನಡುಹಗಲನ್ನೂ ಬಿಟ್ಟು ಬಳಸಿದರೆ ಮೋಸವಿಲ್ಲ.

ಈ ಸಲ ಅಂಗಡಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ಹುಡುಗನೇ ಕೋಲುಗಳನ್ನು ಒಂದೊಂದಾಗಿ ಬಾಗಿಸಿ ನೋಡಿ ಆರಿಸಿದನು. ನಸುಕಿನಲ್ಲಿ ಹೋಗಿ ತಂಪುನೀರಿನಲ್ಲಿ ಎಸೆದನು. ಎರಡು ದಿನ ಏನೂ ಸಿಗಲಿಲ್ಲ. ಮೂರನೆಯ ದಿನ ಸಿಕ್ಕ ಮೀನು ಬೇಗನೆ ದಡಕ್ಕೆ ಬಂದಿತು. ಒದ್ದೆ ಕೈಯಿಂದ ಹಿಡಿದು, ಅಳೆದು, "17 ಅಂಗುಲ, ತಾತ" ಎಂದು ಒಡನೆಯೇ ನೀರಿಗೆ ಬಿಟ್ಟನು. ಚಿತ್ರ ತೆಗೆಯಲು ನನಗೆ ಹೊತ್ತನ್ನೇ ಕೊಡಲಿಲ್ಲ. ಮೀನು ಒಮ್ಮೆ ನೀರನ್ನು ಸಿಡಿಸಿ ಮರಗಳ ಕಡೆಗೆ ಓಡಿತು.

ಕೋಲಿನ ಯೋಗ್ಯತೆಯು ಅದರ ಗಟ್ಟಿತನದಲ್ಲಿಲ್ಲ. ಎಲ್ಲಿ ಬಾಗಬೇಕೋ ಅಲ್ಲಿ ಬಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದರಲ್ಲಿದೆ. ಅದನ್ನು ಆರಿಸಿಕೊಡುವ ಹಿರಿಯರಿಗೂ ಈ ಮಾತು ಸಲ್ಲುವುದೆಂದು ನನಗೆ ತೋರುವುದು.